ರಾಯಭಾರಿಯ ಭಾವ

ಆ ದಿನ ಚಪ್ಪಾಳೆ ತಟ್ಟುವುದರಲ್ಲಿ ನಿಧಾನಿ ಮೇಷ್ಟ್ರನ್ನು ಮೀರಿಸಿದವರು ಯಾರೂ ಇರಲಿಲ್ಲ. ನಾವೆಲ್ಲ ತಟ್ಟಿ ಮುಗಿಸಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೂ ಅವರದೊಂದೇ ನಡೆದಿತ್ತು. ಮುಖದಲ್ಲಿ ನಗುವೂ ಇತ್ತು. ಪಕ್ಕದ ಕುರ್ಚಿಯಲ್ಲಿ ಕೂತ ನನಗೆ ಮಾತ್ರ ಅವರ ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿದ್ದು ಕಾಣುತ್ತಿತ್ತು.

ನಾನು ಬಾಂಬ್ ನಿಷ್ಕ್ರಿಯ ದಳದ ಗಾಡಿ ಓಡಿಸುತ್ತಿದ್ದವನು. ಇಪ್ಪತ್ತೆರಡು ವರ್ಷ ಓಡಿಸಿದೆ. ಅಷ್ಟೂ ವರ್ಷ ಹಿಂದಿನ ಸೀಟಿನಲ್ಲಿ, ದಳದವರೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದ ಇವರು ಇರುತ್ತಿದ್ದರು. ಇಬ್ಬರಿಗೂ ಒಂದೇ ವರ್ಷ ನಿವೃತ್ತಿಯಾಯಿತು. ಆದ್ದರಿಂದ ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವರೇ ಬಾಯಿಬಿಟ್ಟು ಹೇಳಿದ್ದು.

ಬಾಂಬ್ ನಿಷ್ಕ್ರಿಯಗೊಳಿಸುವವರದೂ ಒಂದು ಸಂಘವಿದೆ ಎಂದರೆ ಜನ ನಗುತ್ತಾರೆ. ಇದೆ. ಅದರ ಕೇಂದ್ರ ಕಚೇರಿ ಸಮುದ್ರದಾಚೆ. ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಶಾಖೆಗಳು. ನಮ್ಮ ಶಾಖೆಯದು ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಇಪ್ಪತ್ತಾರು ಕುರ್ಚಿ, ಒಂದು ಬೀರು. ಆ ವರ್ಷ ಕೇಂದ್ರದವರು ಹೊಸದೊಂದು ಪದವಿ ಮಾಡಿದ್ದರು: ಪ್ರತಿ ದೇಶಕ್ಕೊಬ್ಬ ಗೌರವ ಅಂತರರಾಷ್ಟ್ರೀಯ ರಾಯಭಾರಿ. ಸಂಬಳವಿಲ್ಲ, ಗಾಡಿಯಿಲ್ಲ. ಮೊಹರು ಒತ್ತಿದ ಒಂದು ಪತ್ರ, ಕೋಟಿಗೆ ಚುಚ್ಚಿಕೊಳ್ಳಲು ಉಗುರಿನಷ್ಟಗಲದ ನೀಲಿ ಪದಕ, ವರ್ಷಕ್ಕೊಮ್ಮೆ ಸಮುದ್ರದಾಚೆ ನಡೆಯುವ ಸಭೆಯಲ್ಲಿ ಒಂದು ಆಸನ. ಇಲ್ಲಿಯ ಕಷ್ಟಸುಖವನ್ನು ಅಲ್ಲಿಗೆ, ಅಲ್ಲಿಯ ಹೊಸ ವಿದ್ಯೆಯನ್ನು ಇಲ್ಲಿಗೆ ತಲುಪಿಸುವುದು, ನಮ್ಮ ಕೆಲಸದ ಬಗ್ಗೆ ಊರಿನವರಿಗೆ ತಿಳಿಹೇಳುವುದು ಅವರ ಜವಾಬ್ದಾರಿ.

ಆ ಪದವಿ ಮೇಷ್ಟ್ರಿಗೇ ಎಂದು ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರಿಗಂತೂ ಇರಲೇ ಇಲ್ಲ. ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು, ಬೂಟಿಗೆ ಹೊಸ ಲೇಸು ಕಟ್ಟಿಕೊಂಡು ಬಂದಿದ್ದರು. ಅಧ್ಯಕ್ಷೆ, ಎಂದರೆ ಎಪ್ಪತ್ತು ದಾಟಿದ ನಮ್ಮ ಹಳೆಯ ಸ್ಫೋಟಕ ತಜ್ಞೆ, ಕನ್ನಡಕ ಏರಿಸಿ ಪತ್ರ ಓದಿದರು. ಅದರಲ್ಲಿದ್ದ ಹೆಸರು ಮೇಷ್ಟ್ರದಲ್ಲ. ಅವರ ಬಾಮೈದನದು. ನಾವೆಲ್ಲ ರೇಡಿಯೋ ಎಂದು ಕರೆಯುತ್ತಿದ್ದ, ಹೆಂಡತಿಯ ಒಡಹುಟ್ಟಿದ ತಮ್ಮನದು.

ಮೇಷ್ಟ್ರು ಗಡಿಯಾರ ರಿಪೇರಿಯವನ ಮಗ. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವುದನ್ನು ಎಂಟನೆಯ ವಯಸ್ಸಿಗೇ ಕಲಿತವರು. ಇಪ್ಪತ್ತನಾಲ್ಕಕ್ಕೆ ದಳ ಸೇರಿ ಮೂವತ್ತನಾಲ್ಕು ವರ್ಷ ದುಡಿದರು. ಇನ್ನೂರ ಹದಿನಾಲ್ಕು ಸಲ ಸ್ವಂತ ಕೈಯಿಂದ ಬಾಂಬನ್ನೋ, ಬಾಂಬಿರಬಹುದು ಎಂಬ ವಸ್ತುವನ್ನೋ ಬಿಚ್ಚಿ ಇಟ್ಟವರು. ನಿವೃತ್ತರಾಗಿ ಮನೆಗೆ ಹೋಗುವಾಗ ಹತ್ತು ಬೆರಳೂ ಇದ್ದವು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ.

ನಿಧಾನಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವರು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಉಳಿದವರ ಎರಡನೆಯ ಸುತ್ತು ಮುಗಿದಿರುತ್ತಿತ್ತು. ಮೂವತ್ತೈದು ಕಿಲೋ ತೂಗುವ ರಕ್ಷಾ ಉಡುಪಿನ ಒಂದೊಂದು ಪಟ್ಟಿಯನ್ನೂ ತಾವು ಎಳೆದು ನೋಡಿ, ತೊಡಿಸುವವನಿಂದ ಎಳೆಸಿ ನೋಡಿ, ಮತ್ತೆ ತಾವೇ ಎಳೆಯುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ತಗಡಿನ ಪೆಟ್ಟಿಗೆಯೊಂದರ ಜೊತೆ ಆರು ಗಂಟೆ ಕಳೆದರು. ಕೊನೆಗೆ ಒಳಗಿದ್ದದ್ದು ಅಲಾರಂ ಗಡಿಯಾರ ಮತ್ತು ಕೂಸಿನ ಬಟ್ಟೆ. ಹಗ್ಗದಾಚೆ ನಿಂತ ಜನ ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ಗಾಡಿ ಹತ್ತಿ, "ನಗಲಿ ಬಿಡೋ. ನಗೋಕೆ ಬಾಯಿ ಉಳಿದಿದೆಯಲ್ಲ," ಎಂದರು.

ರೇಡಿಯೋ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು. ವಿಮೆ ಮಾರಿ, ಬಸ್ಸಿನಲ್ಲಿ ಟಿಕೆಟ್ ಹರಿದು, ಎಲ್ಲೂ ನೆಲೆ ನಿಲ್ಲದೆ ತಿರುಗುತ್ತಿದ್ದಾಗ ಅಕ್ಕ ಗಂಡನ ಮುಂದೆ ಕಣ್ಣೀರು ಹಾಕಿದ್ದರು: "ಅವನಿಗೊಂದು ದಾರಿ ತೋರಿಸ್ರೀ." ಮೇಷ್ಟ್ರು ದಾರಿಯನ್ನಷ್ಟೇ ತೋರಿಸಲಿಲ್ಲ, ದಳಕ್ಕೆ ಸೇರಿಸಿ ಕೈಹಿಡಿದು ನಡೆಸಿದರು. ಹುಡುಗ ದಡ್ಡನೇನಲ್ಲ, ಕೈಯೂ ನೆಟ್ಟಗಿತ್ತು. ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಉಡುಪು ತೊಟ್ಟು ಒಳಗೆ ಬಗ್ಗಿ ಕೂತಿದ್ದರೆ ಇವನು ಹಗ್ಗದಾಚೆ ಅಳುವ ಅಂಗಡಿಯವನಿಗೆ ನೀರು ಕುಡಿಸುತ್ತ, ಮುದುಕಿಯ ಕೈಹಿಡಿದು ರಸ್ತೆ ದಾಟಿಸುತ್ತ, ಮುಂದೇನಾಗುತ್ತದೆಂದು ಜನರಿಗೆ ಬಿಡಿಸಿ ಹೇಳುತ್ತ ಇರುತ್ತಿದ್ದ. ಕೆಲಸ ಮುಗಿದಾಗ ಪತ್ರಿಕೆಯವರು ಮಾತಾಡಿಸುತ್ತಿದ್ದದ್ದೂ ಅವನನ್ನೇ. ಮರುದಿನ ಪತ್ರಿಕೆಯಲ್ಲಿ ಅವನದೇ ಮುಖ. ಹೆಲ್ಮೆಟ್ಟಿನೊಳಗಿನ ಮುಖ ಯಾರಿಗೆ ಬೇಕು?

ಆಗೆಲ್ಲ ಮೇಷ್ಟ್ರು ತಲೆ ಕೆಡಿಸಿಕೊಂಡಿರಲಿಲ್ಲ. "ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ," ಎಂದು ನಕ್ಕುಬಿಡುತ್ತಿದ್ದರು. ರಾಯಭಾರಿಯ ಪತ್ರ ಬಂದ ಮೇಲೆ ಆ ಹಳೆಯ ಪತ್ರಿಕೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ಮೇಷ್ಟ್ರು ಸಭೆ ಮುಗಿಸಿ ಮನೆಗೆ ಹೋದರೆ ಅಲ್ಲಿಗೆ ಸುದ್ದಿ ಆಗಲೇ ಫೋನಿನಲ್ಲಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಕೇಳಿದ್ರಾ? ನಮ್ಮವನೇ! ಇಡೀ ದೇಶಕ್ಕೆ ಒಬ್ಬನೇ ಅಂತೆ!"

"ನಾನೇ ಅಲ್ಲಿದ್ದೆನಲ್ಲ. ಕೇಳದೆ ಏನು?"

"ಮುಖ ಯಾಕೆ ಹೀಗಿದೆ?"

"ಮಹಡಿ ಹತ್ತಿ ಇಳಿದು ಮಂಡಿ ನೋವು."

ಅವರಿಗೆ ಗೊತ್ತಾಗಲಿಲ್ಲವೆಂದಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರು. ನೀರಿನ ಲೋಟ ತಂದಿಟ್ಟು, "ನನ್ನ ತಮ್ಮನಿಗೆ ಸಿಕ್ಕಿದ್ದು ನಿಮಗೆ ಸಿಕ್ಕಿದ ಹಾಗೇ ಅಲ್ವೇನ್ರೀ? ಅವನನ್ನ ಮನುಷ್ಯನನ್ನಾಗಿ ಮಾಡಿದ್ದು ನೀವು," ಎಂದರು. ಸಮಾಧಾನಕ್ಕೆಂದು ಆಡಿದ ಆ ಮಾತೇ ಗಾಯಕ್ಕೆ ಉಪ್ಪು ಸವರಿತು. ಮನುಷ್ಯನನ್ನಾಗಿ ಮಾಡಿದವನಿಗೆ ಏನೂ ಇಲ್ಲ, ಮಾಡಿಸಿಕೊಂಡವನಿಗೆ ಪದಕ.

ಅಂದಿನಿಂದ ಅವರೊಳಗೆ ಏನೋ ಹೊತ್ತಿಕೊಂಡಿತು. ಇನ್ನೂರ ಹದಿನಾಲ್ಕರ ಎದುರು ಅವನ ಅರವತ್ತೊಂದು ಎಂದು ಹಲ್ಲುಜ್ಜುವಾಗಲೂ ಲೆಕ್ಕ ಹಾಕುತ್ತಿದ್ದರಂತೆ. ಹೆಂಡತಿ ಒಂದು ಊಟದ ಹೊತ್ತಿನಲ್ಲಿ 'ನನ್ನ ತಮ್ಮ' ಎಂದು ಹನ್ನೊಂದು ಸಲ ಹೇಳಿದ್ದನ್ನು ಎಣಿಸಿದರು. ರೇಡಿಯೋ ಕುರ್ಚಿ ಎಳೆದುಕೊಳ್ಳುವ ಸದ್ದು, ನಗುವಾಗ ತೊಡೆ ತಟ್ಟುವ ರೀತಿ, ಇಪ್ಪತ್ತು ವರ್ಷ ಕಣ್ಣಿಗೆ ಬೀಳದ ಇಂಥವೆಲ್ಲ ಈಗ ಮುಳ್ಳಾದವು. ಕ್ಷೌರಿಕ ಕತ್ತರಿ ಆಡಿಸುತ್ತ, "ರಾಯಭಾರಿಗಳ ಭಾವ ಅಲ್ವಾ ನೀವು? ಹೇಳಲೇ ಇಲ್ವಲ್ಲ!" ಎಂದ. ಅಲ್ಲಿಗೆ ಹದಿನೈದು ವರ್ಷದಿಂದ ಹೋಗುತ್ತಿದ್ದ ಆ ಕ್ಷೌರಿಕನನ್ನು ಬಿಟ್ಟು ಮೂರು ಬೀದಿ ಆಚೆಯ ಇನ್ನೊಬ್ಬನನ್ನು ಹಿಡಿದರು. ಎರಡನೆಯ ಸಲ ಹೋದಾಗ ಅವನೂ ಅದನ್ನೇ ಕೇಳಿದ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ರೇಡಿಯೋ ಅವರ ಮನೆಗೆ ಬಂದ. ಕೋಟಿನ ಎದೆಯ ಮೇಲೆ ನೀಲಿ ಪದಕ. ಕೈಯಲ್ಲಿ ಟೈಪು ಮಾಡಿದ ನಾಲ್ಕು ಹಾಳೆ.

"ಭಾವ, ನನ್ನ ಮೊದಲ ಕೆಲಸ ಇದು. ಗುಜರಿ ಅಂಗಡಿಯವರಿಗೆ ಎಚ್ಚರಿಕೆ, ಅಂಗಡಿಗಳಲ್ಲಿ ಅಂಟಿಸೋಕೆ. ಹಳೇ ಯುದ್ಧದ ಶೆಲ್ಲುಗಳು ಇವತ್ತಿಗೂ ಅಲ್ಲಿಗೇ ಬಂದು ಬೀಳ್ತಾವಲ್ಲ. ಮುಂದಿನ ತಿಂಗಳ ಸಭೇಲೂ ಇದನ್ನೇ ಓದ್ತೀನಿ. ನೀವೊಂದು ಸಲ ಕಣ್ಣಾಡಿಸಿದ್ರೆ ನನಗೆ ಧೈರ್ಯ."

"ಇಡು. ನೋಡ್ತೀನಿ."

ಅವನು ಅಡುಗೆಮನೆಯಲ್ಲಿ ಅಕ್ಕನ ಜೊತೆ ಹರಟುತ್ತಿದ್ದಾಗ ಮೇಷ್ಟ್ರು ಮೇಜಿಗೆ ಕೂತು, ಕೆಂಪು ಪೆನ್ನು ತೆಗೆದು, ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು ಓದಿದರು. ಬರಹ ಚೆನ್ನಾಗಿತ್ತು. ಅದೂ ಹೊಟ್ಟೆ ಉರಿಸಿತು. ಸರಳವಾಗಿ, ಎದುರು ಕೂತು ಮಾತಾಡಿದ ಹಾಗೆ ಬರೆದಿದ್ದ. ಮೇಷ್ಟ್ರು ಕಾಗುಣಿತ ತಿದ್ದಿದರು, ಅಲ್ಪವಿರಾಮ ಹಾಕಿದರು. ಮೂರನೆಯ ಹಾಳೆಯಲ್ಲಿ ನಾಲ್ಕನೆಯ ನಿಯಮ ಬಂತು: 'ಅನುಮಾನದ ವಸ್ತು ಕಂಡರೆ ಮುಟ್ಟಬೇಡಿ. ಕನಿಷ್ಠ ಮೂವತ್ತು ಹೆಜ್ಜೆ ದೂರ ಹೋಗಿ, ದಳಕ್ಕೆ ಫೋನ್ ಮಾಡಿ.'

ಆಗಬೇಕಾದದ್ದು ಮುನ್ನೂರು ಹೆಜ್ಜೆ. ದಳಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ರೇಡಿಯೋನ ಅವಸರದ ಬೆರಳು ಮುನ್ನೂರನ್ನು ಮೂವತ್ತು ಮಾಡಿತ್ತು.

ಮೇಷ್ಟ್ರ ಪೆನ್ನು ಆ ಪದದ ಮೇಲೆ ನಿಂತಿತು. ಅಡುಗೆಮನೆಯಿಂದ ರೇಡಿಯೋನ ನಗು, ತೊಡೆ ತಟ್ಟಿದ ಸದ್ದು ಕೇಳಿಸಿತು. ಮೇಷ್ಟ್ರ ಕಣ್ಣ ಮುಂದೆ ಒಂದು ದೊಡ್ಡ ಸಭಾಂಗಣ ಬಂತು: ನಲವತ್ತು ದೇಶದ ಪರಿಣತರು ಕೂತಿದ್ದಾರೆ, ಇವನು ಎದೆಯುಬ್ಬಿಸಿ 'ಮೂವತ್ತು ಹೆಜ್ಜೆ' ಎಂದು ಓದುತ್ತಾನೆ, ಹಿಂದಿನ ಸಾಲಿನಿಂದ ಯಾರೋ ಎದ್ದು ನಿಂತು 'ಮೂವತ್ತೇ?' ಎಂದು ಕೇಳುತ್ತಾರೆ. ಆ ಮುಖ ಆಗ ಹೇಗಿರುತ್ತದೆ!

ಹಾಳೆ ಮಗುಚಿದರು.

"ಆಯ್ತಾ ಭಾವ?"

"ಆಯ್ತು. ಇಪ್ಪತ್ಮೂರು ತಪ್ಪಿತ್ತು. ಎಲ್ಲ ತಿದ್ದಿದ್ದೀನಿ."

"ನಿಮ್ಮ ಕಣ್ಣಿಗೆ ಬಿದ್ದ ಮೇಲೆ ಮುಗೀತು ಬಿಡಿ," ಎಂದು ಅವನು ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆಮೇಲೆ ಅವನು ವಿಮಾನ ಹತ್ತಿ ಹೋದ. ಆ ದಿನಗಳಲ್ಲಿ ಮೇಷ್ಟ್ರು ಸಂಘದ ಕಡೆ ತಲೆಯೇ ಹಾಕಲಿಲ್ಲ. ಒಂಬತ್ತು ದಿನ ಹೆಂಡತಿಯ ಫೋನಿಗೆ ಫೋಟೋಗಳು ಬರುತ್ತಲೇ ಇದ್ದವು. ಬಾವುಟಗಳ ಮುಂದೆ ರೇಡಿಯೋ. ಬಿಳಿ ಗಡ್ಡದ ಯಾರೋ ದೊಡ್ಡ ಮನುಷ್ಯನ ಪಕ್ಕ ರೇಡಿಯೋ. ಉದ್ದ ಮೇಜಿನ ತುದಿಯಲ್ಲಿ ಊಟಕ್ಕೆ ಕೂತ ರೇಡಿಯೋ. ಮೇಷ್ಟ್ರು ಬೇಡವೆನ್ನುತ್ತಲೇ ಒಂದೊಂದನ್ನೂ ದೊಡ್ಡದು ಮಾಡಿ ನೋಡುತ್ತಿದ್ದರು. ಅವಮಾನದ ಗೆರೆ ಎಲ್ಲಾದರೂ ಇದೆಯೇ ಎಂದು ಅವನ ಮುಖದಲ್ಲಿ ಹುಡುಕುತ್ತಿದ್ದರು. ಎಲ್ಲದರಲ್ಲೂ ಅದೇ ನಗು.

ಹತ್ತನೆಯ ದಿನ ಬೆಳಿಗ್ಗೆ ರೇಡಿಯೋ ವಿಮಾನ ನಿಲ್ದಾಣದಿಂದ ನೇರ ಅಕ್ಕನ ಮನೆಗೇ ಬಂದ. ಮೇಷ್ಟ್ರಿಗೆ ತಾಳ್ಮೆ ಉಳಿದಿರಲಿಲ್ಲ.

"ಭಾಷಣ ಆದಮೇಲೆ ಯಾರೂ ಏನೂ ಕೇಳಲಿಲ್ವಾ?"

"ಏನು ಕೇಳ್ತಾರೆ ಭಾವ? ನನಗೆ ಕೊಟ್ಟಿದ್ದೇ ಹತ್ತು ನಿಮಿಷ. ಆ ನಿಯಮಗಳನ್ನೆಲ್ಲ ಓದಲೇ ಇಲ್ಲ. ಗುಜರಿ ಅಂಗಡಿ ಜನರ ಕಥೆ ನಾಲ್ಕು ಹೇಳಿದೆ, ಅಷ್ಟೇ. ಎಲ್ಲರೂ ಎದ್ದು ನಿಂತು ಚಪ್ಪಾಳೆ!"

ಓದಲೇ ಇಲ್ಲ! ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಹೀಗೂ ಗೆದ್ದನಲ್ಲ ಎಂದುಕೊಳ್ಳುವಷ್ಟರಲ್ಲಿ ರೇಡಿಯೋ ಚೀಲಕ್ಕೆ ಕೈ ಹಾಕಿ, "ಇದನ್ನ ನೋಡಿ. ನಾನು ಹೊರಡೋ ಮುಂಚೆನೇ ಅಚ್ಚಿಗೆ ಕೊಟ್ಟಿದ್ದೆ. ನಾನು ಅಲ್ಲಿದ್ದಾಗ ಸಂಘದವರು ಊರಿನ ಎಲ್ಲ ಗುಜರಿ ಅಂಗಡಿಗೂ ಅಂಟಿಸಿ ಬಂದಿದ್ದಾರೆ," ಎಂದು, ನಿಯಮಗಳ ಜೊತೆ ಶೆಲ್ಲಿನ ಚಿತ್ರ ಹಾಕಿದ ಒಂದು ಹಳದಿ ಕಾಗದ ತೆಗೆದ.

ಅಕ್ಕ ಕನ್ನಡಕವಿಲ್ಲದೆ ಕಾಗದವನ್ನು ದೂರ ಹಿಡಿದು ಓದಿದರು. "ರೀ, ಕೆಳಗೆ ನೋಡ್ರೀ! 'ತಿದ್ದಿ ಒಪ್ಪಿದವರು' ಅಂತ ನಿಮ್ಮ ಹೆಸರು! 'ಇನ್ನೂರ ಹದಿನಾಲ್ಕು ಕಾರ್ಯಾಚರಣೆಗಳ ಅನುಭವಿ' ಅಂತಾನೂ ಹಾಕಿದ್ದಾನೆ."

"ನಿಮ್ಮ ಹೆಸರಿದ್ರೆ ಜನ ನಂಬ್ತಾರೆ ಅಂತ ಹಾಕಿಸ್ದೆ ಭಾವ. ಕೇಳದೆ ಹಾಕಿದ್ದಕ್ಕೆ ಬೈಬೇಡಿ."

ಮೇಷ್ಟ್ರು ಕಾಗದ ಕಿತ್ತುಕೊಂಡರು. ನಾಲ್ಕನೆಯ ನಿಯಮ, ದಪ್ಪ ಅಕ್ಷರದಲ್ಲಿ: ಮೂವತ್ತು ಹೆಜ್ಜೆ.

ಆ ಗಳಿಗೆಯವರೆಗೆ, ಅದು ಒಂದು ಭಾಷಣ, ಹೋದರೆ ಇವನ ಮಾನ ಹೋಗುತ್ತದೆ ಎಂದಷ್ಟೇ ಅವರು ಅಂದುಕೊಂಡಿದ್ದರು. ಅಂಗಡಿಗಳಲ್ಲಿ ಅಂಟಿಸಲಿಕ್ಕೆ ಬರೆದದ್ದು ಎಂದು ಅವನು ಅಂದೇ ಹೇಳಿದ್ದ. ಅಂದು ಅವರ ಕಿವಿಗೆ ಬಿದ್ದದ್ದು 'ಸಭೆ' ಎಂಬ ಪದ ಮಾತ್ರ.

"ನಾಲ್ಕನೇದು ನೋಡು," ಎಂದರು. ಕಾಗದವನ್ನು ಅವನ ಕೈಗಿಟ್ಟರು.

ರೇಡಿಯೋ ನೋಡಿದ. "ಅಯ್ಯೋ, ನಾನೇ ಟೈಪು ಹೊಡೆದದ್ದು ಇದು. ಭಾವ, ನಿಮ್ಮ ಕಣ್ಣನ್ನೂ ತಪ್ಪಿಸಿಕೊಳ್ತಲ್ಲ!"

ಮೇಷ್ಟ್ರಿಗೆ ಪಾರಾಗಲು ಒಂದು ಬಾಗಿಲು ತಾನಾಗಿಯೇ ತೆರೆದಿತ್ತು. ಅವರು, "ಹೂಂ," ಎಂದರು. ಫೋನ್ ಎತ್ತಿಕೊಂಡರು.

ನನಗೆ ಫೋನ್ ಬಂತು. ನಿವೃತ್ತಿಯ ಮೇಲೆ ನಾನೊಂದು ಹಳೆಯ ವ್ಯಾನ್ ಕೊಂಡು ಸಾಮಾನು ಸಾಗಿಸುತ್ತಿದ್ದೆ. "ಗಾಡಿ ತಗೊಂಡು ಈಗಲೇ ಬಾ," ಎಂದರು ಮೇಷ್ಟ್ರು. ಜನ್ಮದಲ್ಲಿ ಅವರ ಬಾಯಿಂದ 'ಈಗಲೇ' ಎಂಬ ಪದ ಕೇಳಿದ್ದು ಅದೇ ಮೊದಲು.

ಮೂವರೂ ಹೊರಟೆವು. ಮೊದಲ ಅಂಗಡಿ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ. ತಗಡಿನ ಬೇಲಿಯೊಳಗೆ ತುಕ್ಕು ಹಿಡಿದ ಕಬ್ಬಿಣದ ಗುಡ್ಡೆ, ಟಯರುಗಳ ರಾಶಿ, ಮಧ್ಯೆ ತೂಕದ ಯಂತ್ರ. ಅದರ ಪಕ್ಕದ ಕಂಬಕ್ಕೆ ಹಳದಿ ಕಾಗದ ಅಂಟಿಸಿತ್ತು. ಅಂಗಡಿಯ ಯಜಮಾನಿ ಐವತ್ತರ ಹೆಂಗಸು, ರವಿಕೆಯ ತೋಳು ಮೇಲೆ ಮಡಚಿಕೊಂಡು ತಾಮ್ರದ ತಂತಿ ಬೇರೆ ಮಾಡುತ್ತಿದ್ದಳು. ನಾವು ಯಾರೆಂದು ತಿಳಿದೊಡನೆ ಎದ್ದು ನಿಂತಳು.

"ನಿಮ್ಮ ಚೀಟಿ ನಮ್ಮನ್ನ ಉಳಿಸ್ತು ಸ್ವಾಮಿ! ಮೊನ್ನೆ ಶುಕ್ರವಾರ ತಳ್ಳುಗಾಡಿಯವನು ಪಾಯ ಅಗೆಯುವಾಗ ಸಿಕ್ಕ ಕಬ್ಬಿಣ ಅಂತ ಒಂದು ತುಂಡು ತಂದು ಇಲ್ಲೇ ಇಳಿಸಿದ. ಚೀಟೀಲಿರೋ ಚಿತ್ರದ ಹಾಗೇ ಇತ್ತು. ತಕ್ಷಣ ಎಲ್ಲರನ್ನೂ ಎಬ್ಬಿಸಿ ಹೆಜ್ಜೆ ಎಣಿಸ್ಕೊಂಡು ದೂರ ಹೋದೆ, ದಳಕ್ಕೆ ಫೋನ್ ಮಾಡಿಸ್ದೆ. ಬಂದು ತಗೊಂಡು ಹೋದ್ರು. ಅದರೊಳಗೆ ಇನ್ನೂ ಜೀವ ಇತ್ತಂತೆ, ಸಿಡೀಬಹುದಿತ್ತಂತೆ."

"ಎಲ್ಲಿ ನಿಂತಿದ್ರಿ?" ಮೇಷ್ಟ್ರು ಕೇಳಿದರು.

"ಅಗೋ, ಆ ಬೆಂಚು. ಒಂಬತ್ತು ಜನ. ನಮ್ಮ ಸೊಸೆ ಅಲ್ಲೇ ಕೂತು ಕೂಸಿಗೆ ಹಾಲು ಕೊಡ್ತಿದ್ಳು. ಚೀಟೀಲಿ ಮೂವತ್ತು ಅಂತಿತ್ತು. ಇರಲಿ ಅಂತ ನಾನು ಇನ್ನೂ ಎರಡು ಜಾಸ್ತಿನೇ ನಡೆಸ್ದೆ."

ಮೇಷ್ಟ್ರು ತೂಕದ ಯಂತ್ರದಿಂದ ಹೆಜ್ಜೆ ಎಣಿಸುತ್ತ ಹೊರಟರು. ಒಂದೊಂದು ಹೆಜ್ಜೆಯನ್ನೂ ನಾನು ನೋಡುತ್ತಿದ್ದೆ. ಮೂವತ್ತೆರಡಕ್ಕೆ ಬೆಂಚು ಮುಟ್ಟಿದರು. ಹಿಂದೆ ಬೆರಳಿಂದ ತಿವಿದರೆ ತೂತಾಗುವ ತಗಡು. ಆ ಶೆಲ್ಲು ಸಿಡಿದಿದ್ದರೆ ಆ ಬೆಂಚಿನಲ್ಲಿ ಏನು ಉಳಿಯುತ್ತಿತ್ತು ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಮೇಷ್ಟ್ರು ಪಕ್ಕದ ಟಯರುಗಳ ಮೇಲೆ ಕೂತುಬಿಟ್ಟರು.

ರೇಡಿಯೋ ಓಡಿದ. "ಭಾವ, ಎದೆ ನೋವಾ? ನೀರು ತರ್ಲಾ?"

"ನಾನು ನೋಡಿದ್ದೆ ಕಣೋ."

"ಏನನ್ನ?"

"ಈ ಮೂವತ್ತನ್ನ. ಆ ಭಾನುವಾರಾನೇ ನೋಡಿದ್ದೆ. ಪೆನ್ನು ಅದರ ಮೇಲೇ ಇತ್ತು. ಬೇಕು ಅಂತಾನೇ ಬಿಟ್ಟೆ."

ರೇಡಿಯೋ ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ, "ಯಾಕೆ?" ಎಂದ.

"ಹೊಟ್ಟೆಕಿಚ್ಚು. ಆ ಜನರ ಮುಂದೆ ನಿನ್ನ ಮಾನ ಹೋಗಲಿ ಅಂತ."

"ನನ್ನ ಮಾನ ಹೋಗ್ಲಿ ಅಂತ ಇವರ..." ಅವನು ಬೆಂಚಿನ ಕಡೆ ಕೈ ತೋರಿಸಿದ. ತಿರುಗಿ ಬೇಲಿಯಾಚೆ ನಡೆದುಹೋದ. ಹೋದವನು ಬರುವುದಿಲ್ಲ ಎಂದೇ ನಾನು ಅಂದುಕೊಂಡೆ. ಕಾಲು ಗಂಟೆಯ ಮೇಲೆ ಬಂದ. ಕೈಯಲ್ಲಿ ಮೂರು ದಪ್ಪ ಕಪ್ಪು ಮಾರ್ಕರ್ ಪೆನ್ನು.

"ನೂರ ಮೂವತ್ತೆಂಟು ಅಂಗಡಿ ಇದೆ. ಎದ್ದೇಳಿ."

ಭಾವ ಎನ್ನಲಿಲ್ಲ. ಆಮೇಲಿನ ನಾಲ್ಕು ದಿನವೂ ಅನ್ನಲಿಲ್ಲ.

ದಳದ ಕಚೇರಿಗೂ ಸಂಘಕ್ಕೂ ಮೇಷ್ಟ್ರು ಆಗಲೇ ಫೋನ್ ಮಾಡಿ ತಪ್ಪನ್ನು ತಿಳಿಸಿದರು. ಸಂಘದ ಇನ್ನಿಬ್ಬರು ನಗರದ ಆ ಬದಿಯಿಂದ ಹೊರಟರು, ನಾವು ಈ ಬದಿಯಿಂದ. ಮೊದಲ ಎರಡು ದಿನ ಸಿಕ್ಕ ಕಾಗದದಲ್ಲೆಲ್ಲ ಮೂವತ್ತನ್ನು ಹೊಡೆದುಹಾಕಿ ಮುನ್ನೂರು ಬರೆದದ್ದಾಯಿತು. ಇನ್ನೆರಡು ದಿನ ಮತ್ತೆ ಅದೇ ಅಂಗಡಿಗಳಿಗೆ ಹೋಗಿ, ಮೊದಲ ಸಲ ಯಜಮಾನರು ಸಿಗದಿದ್ದ ಕಡೆ ಈಗ ಅವರ ಕಿವಿಗೇ ಮುಟ್ಟಿಸಿದ್ದಾಯಿತು.

ವ್ಯಾನಿನಲ್ಲಿ ರೇಡಿಯೋ ಹಿಂದೆ ಕೂರುತ್ತಿದ್ದ, ಮೇಷ್ಟ್ರು ನನ್ನ ಪಕ್ಕ. ರೇಡಿಯೋ ಅಂಗಡಿಗೆ ಇಳಿದಾಗಲೆಲ್ಲ ಮೇಷ್ಟ್ರು ನನ್ನೆದುರು ಒಂದಿಷ್ಟು ಒಳಗಿನದನ್ನು ಹೊರಗೆ ಹಾಕುತ್ತಿದ್ದರು. ಹಲ್ಲುಜ್ಜುವಾಗಿನ ಲೆಕ್ಕ, ಕ್ಷೌರಿಕ, ಫೋಟೋಗಳು, ಎಲ್ಲ ನನಗೆ ತಿಳಿದದ್ದು ಹಾಗೆ.

ಎರಡನೆಯ ದಿನ ಒಂದು ಕಡೆ ಮೇಷ್ಟ್ರು ತಾವೇ ಹೋಗುತ್ತೇನೆಂದು ಇಳಿದರು. ಅಂಗಡಿಯವನ ಮುಂದೆ ನಿಂತು ನಾಲ್ಕನೆಯ ನಿಯಮವನ್ನು ಸಭೆಯ ನಡಾವಳಿ ಓದಿದ ಹಾಗೆ, ಒಂದು ಅಕ್ಷರ ಲೋಪವಿಲ್ಲದೆ ಹೇಳಿದರು. ಅವನು ತಲೆ ಎತ್ತದೆ, "ಆಯ್ತು, ಹೋಗಿ," ಎಂದು ಸೀಸದ ಬಿಲ್ಲೆ ತೂಗುತ್ತಲೇ ಇದ್ದ. ರೇಡಿಯೋ ಇಳಿದು ಬಂದು ಒಂದು ಬಕೆಟ್ ಬೋರಲು ಹಾಕಿ ಕೂತ.

"ಯಾಕಣ್ಣ, ಬಲಗಾಲು ಎಳೀತಿದ್ದೀರಿ?"

"ಮಂಡಿ, ಸ್ವಾಮಿ. ಏನು ಕೇಳ್ತೀರಿ."

"ಡಾಕ್ಟರು ನಡೀರಿ ಅಂತ ಹೇಳಿರಬೇಕಲ್ಲ?"

"ಹೇಳ್ತಾರೆ. ಅಂಗಡಿ ಬಿಟ್ಟು ಎಲ್ಲಿ ನಡೀಲಿ?"

"ಬನ್ನಿ, ಈಗ ನನ್ನ ಜೊತೆ ನಡೀರಿ. ಮುನ್ನೂರು ಹೆಜ್ಜೆ ಅಂದ್ರೆ ಎಲ್ಲಿಗೆ ಬರುತ್ತೆ ನೋಡೋಣ."

ಅವನ ಹೆಗಲ ಮೇಲೆ ಕೈ ಹಾಕಿ, ಬೀದಿಯುದ್ದಕ್ಕೂ ಜೋರಾಗಿ ಎಣಿಸುತ್ತ ಹೊರಟ. ಕೆಲಸದ ಹೆಂಗಸರಿಬ್ಬರು ನಗುತ್ತ ಹಿಂದೆ ಬಿದ್ದರು. ಪಕ್ಕದ ಅಂಗಡಿಯವನೂ ಸೇರಿಕೊಂಡ. ಬೀದಿ ತಿರುಗಿ, ಔಷಧಿ ಅಂಗಡಿ ದಾಟಿ, ಹಿಟ್ಟಿನ ಗಿರಣಿಯ ಗೋಡೆ ಮುಟ್ಟುವಾಗ ಎಲ್ಲರೂ ಒಟ್ಟಿಗೆ "ಮುನ್ನೂರು!" ಎಂದು ಕೂಗಿದರು. "ಇಷ್ಟು ದೂರವಾ!" ಎಂದ ಅಂಗಡಿಯವನು. ಇನ್ನು ಅವನು ಸಾಯುವವರೆಗೂ ಆ ಗಿರಣಿಯ ಗೋಡೆ ಮರೆಯುವುದಿಲ್ಲ.

ಮೇಷ್ಟ್ರು ವ್ಯಾನಿನೊಳಗಿನಿಂದ ಅದನ್ನೆಲ್ಲ ನೋಡಿದರು.

"ನನಗೆ ಯಾಕೆ ಕೊಡಲಿಲ್ಲ ಅಂತ ಇವತ್ತು ಗೊತ್ತಾಯ್ತು ಕಣೋ."

"ಸಮಾಧಾನ ಆಯ್ತಾ ಹಾಗಾದ್ರೆ?" ಎಂದೆ.

"ಇಲ್ಲ. ಇನ್ನೂ ಜಾಸ್ತಿ ಉರೀತಿದೆ. ಅವನಿಗೆ ತಪ್ಪಿ ಕೊಟ್ಟಿದ್ರು ಅಂತಾದ್ರೆ ಬೈಕೊಂಡು ಇರಬಹುದಿತ್ತು."

ಪ್ರತಿ ಅಂಗಡಿಯಲ್ಲೂ ರೇಡಿಯೋ, "ತಪ್ಪು ನಮ್ಮದು, ಕ್ಷಮಿಸಿ," ಎನ್ನುತ್ತಿದ್ದ. ಯಾರದೆಂದು ಬಿಡಿಸಿ ಹೇಳುತ್ತಿರಲಿಲ್ಲ. ಮೂರನೆಯ ದಿನದಿಂದ ಮೇಷ್ಟ್ರು ಅವನ ಹಿಂದೆಯೇ ಇಳಿದು, "ನಮ್ಮದಲ್ಲ, ನನ್ನದು," ಎಂದು ಸೇರಿಸತೊಡಗಿದರು.

ಮನೆಯಲ್ಲಿ ಅಕ್ಕನಿಗೂ ಅವರೇ ಹೇಳಿದರು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, "ನನ್ನ ತಮ್ಮನ ಮೇಲೆ ಅಷ್ಟು ಉರಿ ಇದ್ದಿದ್ರೆ ನನಗೆ ಹೇಳ್ಬೇಕಿತ್ತು. ನಾನೇ ಅವನ ಕಿವಿ ಹಿಂಡಿ ಇಳಿಸ್ತಿದ್ದೆ. ಆ ಕೂಸು ನಿಮಗೇನು ಮಾಡಿತ್ತು?" ಎಂದರಂತೆ. ಒಂದು ವಾರ ಅಕ್ಕ ಅವರ ಹತ್ತಿರ ಬೇಕಾದಷ್ಟು ಮಾತ್ರ ಆಡಿದರು.

ಹತ್ತೊಂಬತ್ತು ವರ್ಷದಿಂದ ಸಂಘದ ಕಾರ್ಯದರ್ಶಿ ಮೇಷ್ಟ್ರೇ. ನಡಾವಳಿ ಪುಸ್ತಕದ ತುಂಬ ಅವರದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಈ ತಪ್ಪಿನ ಬಗ್ಗೆ ಕರೆದ ವಿಶೇಷ ಸಭೆಗೆ ಮುಂಚೆ ತಮ್ಮ ತಪ್ಪನ್ನೂ ಅದೇ ಅಕ್ಷರದಲ್ಲಿ ಒಂದು ಪುಟ ಬರೆದು, ಸಭೆಯಲ್ಲಿ ಎದ್ದು ನಿಂತು ಓದಿದರು. 'ಕಣ್ತಪ್ಪು' ಎಂಬ ಪದವನ್ನು ಎಲ್ಲೂ ಬಳಸಲಿಲ್ಲ. 'ಅಸೂಯೆಯಿಂದ, ತಿಳಿದೂ ತಿಳಿದೂ' ಎಂದೇ ಬರೆದಿದ್ದರು.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಂದ್ರಕ್ಕೆ ಅವನ ಹೆಸರು ಕಳಿಸಿದ್ದು ನಾನು. ಕೆಲಸದಲ್ಲಿ ನಿಮ್ಮ ಸಮ ಯಾರೂ ಇಲ್ಲ, ಅದು ನನಗೂ ಗೊತ್ತು. ಆದ್ರೆ ಹತ್ತೊಂಬತ್ತು ವರ್ಷದಲ್ಲಿ ಈ ಕೋಣೆಗೆ ಬಂದ ಒಬ್ಬ ಹೊಸಬನನ್ನ ನೀವಾಗಿ ಮಾತಾಡಿಸಿದ್ದು ನಾನು ನೋಡಿಲ್ಲ. ಇದನ್ನ ಅವತ್ತೇ ನಿಮಗೆ ಹೇಳ್ಬೇಕಿತ್ತು. ಹೇಳೋಕೆ ಹೆದರಿದೆ. ಅದು ನನ್ನ ತಪ್ಪು."

ರೇಡಿಯೋ ತಾನೇ ಕೇಂದ್ರಕ್ಕೆ ಪತ್ರ ಬರೆದ. ತಪ್ಪು ಟೈಪು ಹೊಡೆದದ್ದು ತಾನು, ಅಚ್ಚಿಗೆ ಹೋಗುವ ಮುಂಚೆ ಇನ್ನೊಮ್ಮೆ ಓದದೆ ಇದ್ದದ್ದೂ ತಾನು ಎಂದ. ಮೇಷ್ಟ್ರು ತಮ್ಮ ಪುಟದ ನಕಲನ್ನೂ ಅದರ ಜೊತೆ ಇಡಿಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ರಾಯಭಾರಿಗೆ ಎಚ್ಚರಿಕೆ. ಇನ್ನು ಮುಂದೆ ಇಬ್ಬರು ಓದಿ ಸಹಿ ಹಾಕದೆ ಏನೂ ಅಚ್ಚಾಗಕೂಡದು. ಮೇಷ್ಟ್ರ ಸದಸ್ಯತ್ವ ಒಂದು ವರ್ಷ ಅಮಾನತು. ಕೆಲವರು ಇದು ಹೆಚ್ಚಾಯಿತೆಂದರು, ಕೆಲವರು ಕಡಿಮೆಯಾಯಿತೆಂದರು. ಮೇಷ್ಟ್ರು ಬೀರುವಿನ ಬೀಗದಕೈಯನ್ನು ಅಧ್ಯಕ್ಷೆಯ ಮುಂದಿಟ್ಟು ಮಹಡಿ ಇಳಿದರು.

ರೇಡಿಯೋನ ಬಾಯಲ್ಲಿ ಮತ್ತೆ 'ಭಾವ' ಬರಲು ಐದು ತಿಂಗಳು ಹಿಡಿಯಿತು. ಅದೂ ದೊಡ್ಡ ಸಂದರ್ಭವೇನಲ್ಲ. ಅಕ್ಕ ಫೋನ್ ತೆಗೆಯದೆ ಇದ್ದಾಗ ಇವರಿಗೆ ಮಾಡಿ, "ಭಾವ, ಅಕ್ಕ ಇದ್ದಾಳಾ?" ಎಂದ. ಮೇಷ್ಟ್ರು ಅದನ್ನು ಹೇಳಲಿಕ್ಕೆಂದೇ ನನ್ನ ಮನೆಯವರೆಗೆ ನಡೆದು ಬಂದಿದ್ದರು.

ಅವನ ಹೊಸ ಬರಹಗಳು ಮಾತ್ರ ಇವರ ಮೇಜಿಗೆ ಬರಲಿಲ್ಲ. ದಳಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿಯೊಬ್ಬಳಿದ್ದಾಳೆ, ಚುರುಕು. ಈಗ ತಿದ್ದುವುದು ಅವಳು, ಸಂಘದ ಕಾರ್ಯದರ್ಶಿಯೂ ಅವಳೇ. ಅಮಾನತಿನ ವರ್ಷ ಮುಗಿದ ಮೇಲೆ ಮೇಷ್ಟ್ರು ಸಭೆಗೆ ಬರುತ್ತಾರೆ, ಮೂರನೆಯ ಸಾಲಿನಲ್ಲಿ ಕೂರುತ್ತಾರೆ. ಬೀರುವಿನ ಬೀಗದಕೈ ಅವಳ ಸೊಂಟದಲ್ಲಿ ನೇತಾಡುವುದನ್ನು ನೋಡುತ್ತಾರೆ.

ಈ ವರ್ಷ ರೇಡಿಯೋನ ಅವಧಿಯನ್ನು ಇನ್ನೂ ಮೂರು ವರ್ಷ ವಿಸ್ತರಿಸಿದರು. ಮೊನ್ನೆ ಅವನು ಆ ಹುಡುಗಿಯನ್ನೂ ಕರೆದುಕೊಂಡು ಸಮುದ್ರದಾಚೆಯ ಸಭೆಗೆ ಹೊರಟ. ಆ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದು ಒಂದು ಗಂಟೆ ದೂರಿದರು.

"ಅರ್ಧ ಗಂಟೇಲಿ ನಾಲ್ಕು ಹಾಳೆ ತಿದ್ತಾಳಂತೆ. ಅರ್ಧ ಗಂಟೇಲಿ ಏನು ಕಾಣುತ್ತೆ? ಅಕ್ಷರ ನೋಡಿದ್ದೀಯಾ ಅವಳದು, ಕಾಗೆ ಕಾಲು! ಇವನೋ, ಅವಳು ಹೇಳಿದ್ದೇ ವೇದವಾಕ್ಯ ಅಂತಾನೆ. ಮೊದಲ ಸಲಕ್ಕೇ ವಿಮಾನ ಬೇರೆ!"

ನನ್ನ ಹೆಂಡತಿ ಮುಸುಮುಸು ನಗುತ್ತ ಒಳಗೆ ಹೋದಳು. ನಾನು, "ಇನ್ನೂ ಹೋಗಿಲ್ವಾ ಮೇಷ್ಟ್ರೇ ಅದು?" ಎಂದೆ.

"ಎಲ್ಲಿ ಹೋಗುತ್ತೆ? ಇದೆ. ಅದಕ್ಕೇ ನಿನ್ನ ಹತ್ರ ಬಂದು ಬಾಯಲ್ಲಿ ಕಕ್ತೀನಿ. ಕೈಗೆ ಇಳಿಯೋಕೆ ಬಿಡಬಾರ್ದು ನೋಡು."

ಹಾಗೆಂದು ಲೋಟದಲ್ಲಿ ಉಳಿದಿದ್ದ ಅರ್ಧ ಚಹಾವನ್ನು ಮುಗಿಸಲು ಇನ್ನೊಂದು ಕಾಲು ಗಂಟೆ ತೆಗೆದುಕೊಂಡರು. ಆಮೇಲೆ ನಾನೇ ವ್ಯಾನಿನಲ್ಲಿ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಆ ಹುಡುಗಿಯದೇ ಮಾತು.